ಕೆ ಮೂರು ನಕ್ಷತ್ರ ಏಳು

ಮೊನ್ನೆ ಭಾನುವಾರ ರಾತ್ರಿ ನನ್ನ ಕೈಯಿಂದ ಒಂದು ಗೋಡೆ ನಕ್ಷೆ ಜಾರಿಹೋಯಿತು. ಕೈಗೆ ಬಂದೇ ಇರಲಿಲ್ಲ, ನಿಜ. ಆದರೆ ಎಂಟು ಗಂಟೆ ಐವತ್ತೊಂಬತ್ತು ನಿಮಿಷ ಐವತ್ತಾರು ಸೆಕೆಂಡಿನವರೆಗೆ ಅದು ನನ್ನದೇ ಆಗಿತ್ತು. ಫೋನಿನಲ್ಲಿ ಹಸಿರು ಅಕ್ಷರದಲ್ಲಿ ‘ನೀವೇ ಮುಂದಿದ್ದೀರಿ’ ಎಂದು ಕಾಣುತ್ತಿತ್ತು. ಒಂಬತ್ತಕ್ಕೆ ಏಲ ಮುಗಿಯಬೇಕು. ಐವತ್ತೇಳನೇ ಸೆಕೆಂಡಿಗೆ ಒಬ್ಬ ಬಂದ, ನನಗಿಂತ ಇಪ್ಪತ್ತು ರೂಪಾಯಿ ಮೇಲೆ ನಿಂತ, ಹೋದ. ಹಸಿರು ಕೆಂಪಾಯಿತು. ಇನ್ನೊಂದು ಸಲ ಬೆರಳಿಡುವಷ್ಟರಲ್ಲಿ ‘ಈ ಏಲ ಮುಗಿದಿದೆ, ಇಂಥದ್ದೇ ಬೇರೆ ವಸ್ತುಗಳನ್ನು ನೋಡಿ’ ಎಂದು ಬಂತು. ಏನು ತೋರಿಸಿದರು ಗೊತ್ತುಂಟಾ? ಶವರ್ ಕರ್ಟನ್. ಅದರ ಮೇಲೆ ಪ್ರಪಂಚದ ನಕ್ಷೆ.

ಆ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ. ಏಲದ ತಾಣದಲ್ಲಿ ಯಾರ ಪೂರ್ತಿ ಹೆಸರನ್ನೂ ತೋರಿಸುವುದಿಲ್ಲ. ಮೊದಲಿನದೊಂದು ಅಕ್ಷರ, ಕೊನೆಯದೊಂದು, ನಡುವೆ ಮೂರು ನಕ್ಷತ್ರ. ಹಾಗಾಗಿ ನನ್ನ ಪಾಲಿಗೆ ಅವನು ಕೆ***7. ಅವಳೂ ಇರಬಹುದು. ಸಿಟ್ಟಿನಲ್ಲಿ ಅಷ್ಟೆಲ್ಲ ನೋಡಲಿಕ್ಕೆ ಆಗುವುದಿಲ್ಲ. ಕಾಗುಣಿತದ ಮರದ ಅಚ್ಚುಗಳು, ಹಳೇ ಕಲ್ಲಿನ ಸ್ಲೇಟುಗಳು, ಕನ್ನಡದಲ್ಲಿ ಹೆಸರು ಬರೆದ ಗ್ಲೋಬು, ಈಗ ಈ ನಕ್ಷೆ. ನಾನು ಕಣ್ಣಿಟ್ಟದ್ದೆಲ್ಲ ಅವನಿಗೂ ಬೇಕು. ಅದೂ ಕೊನೆಯ ಮೂರು ಸೆಕೆಂಡಿಗೆ ಬೇಕು. ಅದಕ್ಕಿಂತ ಮುಂಚೆ ಅವನ ಸುಳಿವೇ ಇರುವುದಿಲ್ಲ.

ಮೇಷ್ಟ್ರಾದವರು ಏಲಕ್ಕೆ ಯಾಕೆ ಹೋಗಬೇಕು ಎಂದು ಕೇಳುತ್ತೀರಿ. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವವರು ಕೇಳಲಿಕ್ಕಿಲ್ಲ. ಕ್ಲಾಸಿನ ಗೋಡೆಗೆ ಒಂದು ಚಾರ್ಟ್ ಬೇಕು ಅಂತಿಟ್ಟುಕೊಳ್ಳಿ. ಇಲ್ಲಿಯ ಪೇಟೆಯಲ್ಲಿ ಚಾರ್ಟಿಗೆ ಬರಗಾಲ ಇಲ್ಲ. ಮಲಯಾಳದಲ್ಲಿ ಉಂಟು, ಇಂಗ್ಲಿಷಿನಲ್ಲಿ ಉಂಟು. ಕನ್ನಡದ್ದು ಕೇಳಿದರೆ ಅಂಗಡಿಯವರು ಗಡಿಯ ತಲಪಾಡಿಯ ದಿಕ್ಕಿಗೆ ಕೈ ತೋರಿಸುತ್ತಾರೆ. ಸರಿ, ಶನಿವಾರ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ, ಚಂದದ ಕನ್ನಡ ಚಾರ್ಟೇ ತಂದು ನೇತುಹಾಕಿದಿರಿ. ಅದರಲ್ಲಿ ‘ನಮ್ಮ ರಾಜ್ಯದ ಪಕ್ಷಿ ನೀಲಕಂಠ’ ಎಂದಿರುತ್ತದೆ. ನಮ್ಮ ಮಕ್ಕಳ ರಾಜ್ಯದ ಪಕ್ಷಿ ದೊಡ್ಡ ಮಂಗಟ್ಟೆ. ಚಾರ್ಟಿನಲ್ಲಿ ರಾಜ್ಯದ ಹೂವು ಕಮಲ, ಪರೀಕ್ಷೆಯಲ್ಲಿ ಕಣಿಕೊನ್ನ. ಚಾರ್ಟಿನಲ್ಲಿ ರಾಜ್ಯದ ಮರ ಗಂಧ, ಪರೀಕ್ಷೆಯಲ್ಲಿ ತೆಂಗು. ಪ್ರಾಣಿ ಮಾತ್ರ ಎರಡೂ ಕಡೆ ಆನೆಯೇ. ಎರಡು ಸರಕಾರದಲ್ಲೂ ಒಟ್ಟಿಗೆ ನೌಕರಿ ಮಾಡಲಿಕ್ಕೆ ಬಿಟ್ಟಿರುವುದು ಅದೊಂದನ್ನೇ.

ನಕ್ಷೆಯ ಕಥೆ ಇನ್ನೂ ಚಂದ. ಮಂಗಳೂರಿನಿಂದ ತಂದದ್ದರಲ್ಲಿ ತಲಪಾಡಿಯಿಂದ ಕೆಳಗೆ ಬರೀ ಬಿಳಿ. ನಮ್ಮ ಊರು ಇರಬೇಕಾದ ಜಾಗದಲ್ಲಿ ಒಂದು ಪೆಟ್ಟಿಗೆ ಎಳೆದು ‘ರೈಲು ಮಾರ್ಗ, ನದಿ, ಜಿಲ್ಲಾ ಕೇಂದ್ರ’ ಎಂದು ಗುರುತುಗಳ ಪಟ್ಟಿ ಕೊಟ್ಟಿದ್ದಾರೆ. ‘ನಮ್ಮ ಶಾಲೆ ಎಲ್ಲಿ ಬರ್ತದೆ, ತೋರಿಸು’ ಎಂದು ಐದನೇ ಕ್ಲಾಸಿನ ಹುಡುಗನನ್ನು ಕೇಳಿದೆ. ಪುಣ್ಯಾತ್ಮ ಸ್ವಲ್ಪ ಯೋಚಿಸಿ, ‘ರೈಲು ಮಾರ್ಗದ ಕೆಳಗೆ, ನದಿಯ ಮೇಲೆ’ ಎಂದು ಪಟ್ಟಿಯ ಮೇಲೆಯೇ ಬೆರಳಿಟ್ಟ. ತಪ್ಪು ಎಂದು ಹೇಗೆ ಹೇಳುವುದು?

ಹಾಗಾಗಿ ಹಳೇ ಸಾಮಾನಿನ ಬೆನ್ನು ಹತ್ತಿದ್ದು. ಮುಚ್ಚಿದ ಶಾಲೆಗಳದ್ದು, ಕೈಬಿಟ್ಟ ಅಚ್ಚುಕೂಟಗಳದ್ದು, ಯಾರದ್ದೋ ಅಜ್ಜನ ಮನೆಯ ಅಟ್ಟದ್ದು, ಎಲ್ಲ ಈಗ ಫೋನಿನಲ್ಲಿ ಏಲಕ್ಕೆ ಬರುತ್ತದೆ. ಈ ವ್ಯವಹಾರದ ಆರಂಭವೇ ತಮಾಷೆಯದ್ದು. ಇಬೇ ಎಂದು ಈಗ ಹೆಸರಾದ ಅಮೆರಿಕದ ತಾಣ 1995ರಲ್ಲಿ ಶುರುವಾದಾಗ ಅಲ್ಲಿ ಮೊದಲು ಬಿಕರಿಯಾದ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. 14.83 ಡಾಲರಿಗೆ ಹೋಯಿತಂತೆ. ತಾಣ ಮಾಡಿದ ಪಿಯರ್ ಒಮಿಡ್ಯಾರ್ ಅವರಿಗೇ ಆಶ್ಚರ್ಯವಾಗಿ, ‘ಇದು ಕೆಟ್ಟದ್ದು, ಗೊತ್ತಲ್ಲ?’ ಎಂದು ಕೊಂಡವನನ್ನು ಕೇಳಿದರಂತೆ. ಅವನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಸುವವನಂತೆ. ಅಂದರೆ ಲೋಕದಲ್ಲಿ ಏನೇ ಇಟ್ಟರೂ ಒಬ್ಬ ಗಿರಾಕಿ ಇರುತ್ತಾನೆ. ನನ್ನ ತಕರಾರು ಎರಡನೆಯವನ ಬಗ್ಗೆ.

ಗೆದ್ದದ್ದೇ ಇಲ್ಲ ಎನ್ನುವಂತಿಲ್ಲ. ಒಮ್ಮೆ ‘ಶಾಲಾ ಸಾಮಗ್ರಿ, ಮಿಶ್ರ ಲಾಟ್’ ಎಂದು ಒಂದು ಪೆಟ್ಟಿಗೆ ಸಿಕ್ಕಿತು. ಫೋಟೋದಲ್ಲಿ ಮೇಲೆ ಮಣಿ ಚೌಕಟ್ಟು ಕಾಣುತ್ತಿತ್ತು. ಲೆಕ್ಕ ಕಲಿಸಲು ನನಗೆ ಬೇಕಾದದ್ದು ಅದು. ಕೆ***7 ಆ ದಿನ ಬರಲೇ ಇಲ್ಲ. ಆಗಲೇ ಸಂಶಯ ಬರಬೇಕಿತ್ತು ಎಂದು ಹಿಂದಿ ಟೀಚರ್ ಈಗ ಹೇಳುತ್ತಾರೆ, ಆಗ ಹೇಳಲಿಲ್ಲ. ಕೊರಿಯರಿನ ಹುಡುಗ ಫೋನ್ ಮಾಡಿ ‘ಮಾಷೇ, ಒರು ವಲಿಯ ಪಾರ್ಸಲ್ ಉಂಡ್’, ದೊಡ್ಡದೊಂದು ಪಾರ್ಸಲ್ ಉಂಟು ಎಂದು ಹೇಳಿ, ನಾನು ಇಲ್ಲಿಗೆ ತಾ ಎನ್ನುವ ಮೊದಲೇ ಅದನ್ನು ಪೇಟೆಯ ಬೇಕರಿಯಲ್ಲಿ ಇಳಿಸಿ ಹೋದ. ನಮ್ಮ ಕಡೆ ಎಲ್ಲರ ಪಾರ್ಸಲ್ಲೂ ಬೇಕರಿಯಲ್ಲಿಯೇ ಇರುತ್ತದೆ, ಅದನ್ನು ಹೇಳಿ ಪ್ರಯೋಜನ ಇಲ್ಲ. ರಿಕ್ಷಾದಲ್ಲಿ ತಂದು ಬಿಚ್ಚಿದೆವು. ಮೇಲೆ ಮಣಿ ಚೌಕಟ್ಟು, ನಾಲ್ಕು ಸರಿಗೆ ಇಲ್ಲ. ಕೆಳಗೆ ತಳದವರೆಗೆ ಕಪ್ಪು ಬಣ್ಣದ ಚೌಕ ಟೊಪ್ಪಿಗಳು, ಗೊಂಡೆ ಸಮೇತ. ಯುಕೆಜಿ ಪಾಸಾದ ಮಕ್ಕಳಿಗೆ ಪದವಿಪ್ರದಾನ ಮಾಡುತ್ತಾರಲ್ಲ, ಅದಕ್ಕೆ ಹೊಲಿಸಿದ್ದು. ಯಾವುದೋ ಊರಿನ ಮುಚ್ಚಿದ ಕಾನ್ವೆಂಟಿನದ್ದು. ನಮ್ಮದು ಯುಪಿ, ಅಂದರೆ ಅಪ್ಪರ್ ಪ್ರೈಮರಿ ಶಾಲೆ. ಏಳನೇ ಕ್ಲಾಸಿನ ಮಕ್ಕಳ ತಲೆಗೆ ಅದು ಹಿಡಿಯುವುದೂ ಇಲ್ಲ. ಕೊನೆಗೆ ಕಲೋತ್ಸವಕ್ಕೆ ಯಕ್ಷಗಾನ ಕಲಿಸಲು ಬಂದ ಭಾಗವತರು ಆ ಟೊಪ್ಪಿಗಳ ರಟ್ಟು ಬಿಚ್ಚಿ ಕಿರೀಟ, ಭುಜಕೀರ್ತಿಗೆ ಹಚ್ಚಿದರು. ಗೊಂಡೆಗಳು ಮಹಿಷಾಸುರನ ಸೊಂಟಕ್ಕೆ ಹೋದವು. ಬಿ ಗ್ರೇಡ್ ಬಂತು.

ಇನ್ನು ಹೆಡ್‌ಮಾಷ್ಟ್ರು.

ಶಾಲೆಯ ದುಡ್ಡಿನಲ್ಲಿ ಏನೇ ಕೊಂಡರೂ ಮೂರು ಕೊಟೇಶನ್ ಬೇಕು ಎನ್ನುವುದು ಅವರ ಧರ್ಮ. ಏಲದಲ್ಲಿ ಕೊಂಡ ಹಳೇ ವಸ್ತುವಿಗೆ ಮೂರು ಕೊಟೇಶನ್ ಎಲ್ಲಿಂದ ತರುವುದು? ‘ಅವ ಒಬ್ಬ ಮಾರುವವ, ಮತ್ತಿಬ್ಬರು ಎಲ್ಲಿ?’ ಎಂದು ಅವರು ಕೇಳುತ್ತಾರೆ. ಮತ್ತಿಬ್ಬರು ಇಲ್ಲ, ಇದು ಲೋಕದಲ್ಲಿ ಒಂದೇ ಇರುವುದು ಎಂದರೆ, ‘ಹಾಗಾದರೆ ಸಿಂಗಲ್ ಟೆಂಡರ್ ಆಯಿತಲ್ಲ ಮಾಷ್ಟ್ರೇ, ಅದಕ್ಕೆ ಬೇರೆಯೇ ಪರ್ಮಿಶನ್ ಬೇಕು’ ಎನ್ನುತ್ತಾರೆ. ಆದ್ದರಿಂದ ನನ್ನ ಕಿಸೆಯಿಂದಲೇ ಕೊಳ್ಳುವುದು. ಕಿಸೆಯ ದುಡ್ಡಿಗೆ ಕೊಟೇಶನ್ ಕೇಳುವವಳು ಮನೆಯಲ್ಲಿದ್ದಾಳೆ. ಆ ಕಥೆ ಇಲ್ಲಿ ಬೇಡ.

ಆದರೆ ಏಲದ ವಿಷಯದಲ್ಲಿ ತಮಗಿಂತ ಜಾಸ್ತಿ ತಿಳಿದವರು ಈ ಉಪಜಿಲ್ಲೆಯಲ್ಲಿ ಇಲ್ಲ ಎಂದು ಹೆಡ್‌ಮಾಷ್ಟ್ರ ನಂಬಿಕೆ. ಕಾರಣ ಉಂಟು. ನಮ್ಮ ಶಾಲೆಯ ಹಿಂದೆ ಗೇರುಮರಗಳಿವೆ. ವರ್ಷಕ್ಕೊಮ್ಮೆ ಅವುಗಳ ಫಸಲಿನ ಏಲ. ಕರೆಯುವವರು ಹೆಡ್‌ಮಾಷ್ಟ್ರೇ. ಬರುವವರು ಮೂರು ಜನ, ಪ್ರತಿ ವರ್ಷವೂ ಅದೇ ಮೂರು ಜನ. ಮೊದಲು ಎದುರಿನ ಹೋಟೆಲಿನಲ್ಲಿ ಒಟ್ಟಿಗೆ ಚಾ ಕುಡಿದು, ಈ ಸಲ ಯಾರಿಗೆ, ಎಷ್ಟಕ್ಕೆ ಎಂದು ಮಾತಾಡಿಕೊಂಡೇ ಒಳಗೆ ಬರುತ್ತಾರೆ. ಅದು ಹೆಡ್‌ಮಾಷ್ಟ್ರಿಗೂ ಗೊತ್ತು, ಗೇರುಮರಕ್ಕೂ ಗೊತ್ತು. ಆದರೂ ಅವರು ಮೇಜಿನ ಮೇಲೆ ಮರದ ಸ್ಕೇಲ್ ಹಿಡಿದು ನಿಂತು, ಗಂಟಲು ಸರಿಮಾಡಿ, ‘ಒಂದು ಸಲಾ… ಎರಡು ಸಲಾ…’ ಎಂದು ಎಳೆಯುವ ಗತ್ತೇ ಬೇರೆ. ಎರಡಕ್ಕೂ ಮೂರಕ್ಕೂ ನಡುವೆ ಅವರು ಎಲ್ಲರ ಮುಖ ಒಂದೊಂದಾಗಿ ನೋಡುತ್ತಾರೆ. ಆಮೇಲೆ ಸ್ಕೇಲಿನಿಂದ ಮೇಜಿಗೆ ಒಂದು ಪೆಟ್ಟು. ಮೂರು ಸಲ. ಮುಗಿಯಿತು. ಆ ಮೇಲೆ ದೇವರು ಬಂದು ಕೂಗಿದರೂ ಇಲ್ಲ.

ಕೆ***7 ವಿಷಯ ಮೊದಲ ಸಲ ಹೇಳಿದಾಗ ಅವರು ಕೊಟ್ಟ ಸಲಹೆ ಬಹಳ ಸರಳವಾಗಿತ್ತು. ‘ಅವನನ್ನು ಕರೆದು ಒಂದು ಚಾ ಕುಡಿಸಿ ಮಾತಾಡಿ ಮಾರಾಯ್ರೆ. ಈ ಸಲ ನಿಮಗೆ, ಬರುವ ಸಲ ಅವನಿಗೆ.’ ಅವನು ಯಾರೆಂದೇ ಗೊತ್ತಿಲ್ಲ, ತಾಣದವರು ಹೇಳುವುದಿಲ್ಲ ಎಂದೆ. ‘ಮುಖ ತೋರಿಸದವನನ್ನು ಏಲಕ್ಕೆ ಸೇರಿಸುವುದೇ ತಪ್ಪು’ ಎಂದರು. ಅದು ಮಾತ್ರ ಹೌದು ಅನ್ನಿಸಿತು. ನಮ್ಮ ಕಡೆ ಭೂತಕೋಲದ ಮರುದಿನ ಬಾಳೆಗೊನೆಯನ್ನೋ ಹಲಸಿನ ಹಣ್ಣನ್ನೋ ಏಲಕ್ಕಿಟ್ಟರೆ ನಾಲ್ಕು ಜನ ನೋಡುತ್ತಿರುತ್ತಾರೆ. ಮಾವ ಕೂಗಿದ ಮೇಲೆ ಅಳಿಯ ಕೂಗುವುದಿಲ್ಲ. ಹರಕೆಯವರು ಇದ್ದರೆ ಉಳಿದವರು ಸುಮ್ನೆ ಬಿಟ್ಟುಕೊಡುತ್ತಾರೆ. ಇಲ್ಲಿ ಮೂರು ನಕ್ಷತ್ರದ ಹಿಂದೆ ಕೂತವನಿಗೆ ಯಾವ ದಾಕ್ಷಿಣ್ಯ?

ಗ್ಲೋಬಿನ ಏಲ ಬಂದದ್ದು ಶಾಲೆಯಿದ್ದ ದಿನ, ಮಧ್ಯಾಹ್ನ. ಒಂದು ಕಾಲಕ್ಕೆ ಮುಗಿಯುವುದು. ಅನ್ನ-ಸಾಂಬಾರಿನ ಹೊತ್ತು. ನಮ್ಮ ಸ್ಟಾಫ್‌ರೂಮಿನಲ್ಲಿ ರೇಂಜ್ ಸಿಗುವುದು ಅರಬಿ ಮಾಷ್ ಕೂರುವ ಕಿಟಕಿಯ ಬಳಿ ಮಾತ್ರ. ಅಲ್ಲಿಯೂ ಒಮ್ಮೊಮ್ಮೆ ಆಚೆ ಕಡೆಯ ಟವರ್ ಹಿಡಿದು ‘ಕರ್ನಾಟಕಕ್ಕೆ ಸ್ವಾಗತ’ ಎಂದು ಮೆಸೇಜ್ ಬರುತ್ತದೆ. ಅವರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಹಿಂದಿ ಟೀಚರ್ ಗಡಿಯಾರ ನೋಡುವ ಜವಾಬ್ದಾರಿ ತೆಗೆದುಕೊಂಡರು. ಈ ಸಲ ನಾನೂ ಕೊನೆಯ ಎರಡು ಸೆಕೆಂಡಿಗೇ ಒತ್ತುವುದು, ಅವನ ಮದ್ದು ಅವನಿಗೇ ಕೊಡುವುದು ಎಂದು ತೀರ್ಮಾನವಾಗಿತ್ತು. ಸದ್ಯಕ್ಕೆ ನಾನೇ ಮುಂದಿದ್ದೆ, ಹಸಿರು ಅಕ್ಷರ. ಹೆಡ್‌ಮಾಷ್ಟ್ರು ನನ್ನ ಹಿಂದೆ ನಿಂತಿದ್ದರು. ಕೈಯಲ್ಲಿ ಸ್ಕೇಲ್ ಇದ್ದದ್ದನ್ನು ನಾನು ನೋಡಿರಲಿಲ್ಲ.

‘ಮೂವತ್ತು ಸೆಕೆಂಡ್’ ಎಂದರು ಹಿಂದಿ ಟೀಚರ್.

‘ಒಂದು ಸಲಾ…’ ಎಂದು ಹಿಂದಿನಿಂದ ಕೇಳಿತು.

ಎಲ್ಲರೂ ನಕ್ಕೆವು. ಅನ್ನದ ತಟ್ಟೆ ಹಿಡಿದುಕೊಂಡೇ ಉಳಿದವರೂ ಬಂದು ಸುತ್ತ ನಿಂತರು. ಬಾಗಿಲಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಇಣುಕಿದರು.

‘ಹದಿನೈದು.’

‘ಎರಡು ಸಲಾ…’

ಆಮೇಲೆ ಆ ಪ್ರಸಿದ್ಧ ಮೌನ. ಹೆಡ್‌ಮಾಷ್ಟ್ರು ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದರು. ಅರಬಿ ಮಾಷ್, ಹಿಂದಿ ಟೀಚರ್, ಸಾಂಬಾರಿನ ಸೌಟು ಹಿಡಿದ ಅಡುಗೆಯ ಅಕ್ಕ. ಯಾರೂ ಕೂಗಲಿಲ್ಲ. ಕೂಗುವುದಾದರೂ ಯಾಕೆ? ಸ್ಕೇಲ್ ಪಟ್ಟೆಂದು ಮೇಜಿಗೆ ಬಿತ್ತು. ‘ಮೂರು ಸಲ!’

ಎಲ್ಲರೂ ಚಪ್ಪಾಳೆ ತಟ್ಟಿದರು. ಮಕ್ಕಳು ಹೋ ಎಂದರು. ಅರಬಿ ಮಾಷ್ ನನ್ನ ಬಲಗೈ ಎಳೆದು ಕುಲುಕಿದರು. ಒತ್ತಬೇಕಾದ ಕೈ ಅದು. ಫೋನಿನಲ್ಲಿ ಇನ್ನೂ ಐದು ಸೆಕೆಂಡ್ ಬಾಕಿ ಇತ್ತು. ನಾನು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಕೆ***7 ಬಂದು ಗ್ಲೋಬನ್ನು ಎತ್ತಿಕೊಂಡು ಹೋಗಿಯಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಹೆಡ್‌ಮಾಷ್ಟ್ರು ಸೋಲು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ‘ನಾನು ಮೂರು ಸಲ ಹೇಳಿಯಾಗಿತ್ತು. ಆಮೇಲೆ ಕೂಗಿದ್ದು ಲೆಕ್ಕಕ್ಕಿಲ್ಲ. ಸಾಕ್ಷಿಗೆ ಸ್ಟಾಫ್ ಪೂರ್ತಿ ಉಂಟು.’ ಶಾಲೆಯ ಲೆಟರ್‌ಹೆಡ್ಡಿನಲ್ಲಿ, ಸೀಲು ಹಾಕಿ, ಆ ತಾಣದವರಿಗೆ ಒಂದು ಪತ್ರ ಬರೆಸಿದರು. ‘ಮೇಲೆ ಸೂಚಿಸಿದ ಗ್ಲೋಬು ಕ್ರಮಪ್ರಕಾರ ನಮ್ಮ ಶಾಲೆಯ ಪಾಲಿಗೆ ಆಗಿರುವುದರಿಂದ…’ ಎಂದು ಶುರು. ನಾನೇ ಸ್ಕ್ಯಾನ್ ಮಾಡಿ ಕಳುಹಿಸಬೇಕಾಯಿತು. ಉತ್ತರ ಎರಡೇ ನಿಮಿಷದಲ್ಲಿ ಬಂತು. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದರು. ‘ಇವರಿಗೆ ನಕ್ಷತ್ರದ್ದೇ ಹುಚ್ಚು’ ಎಂದರು ಹೆಡ್‌ಮಾಷ್ಟ್ರು.

ತಿಳಿದವರು ಹೇಳುವುದು ಬೇರೆ. ನಿಮ್ಮ ಕೈಲಾದ ಗರಿಷ್ಠ ಮೊತ್ತ ಎಷ್ಟೋ ಅದನ್ನು ಮೊದಲೇ ಹಾಕಿ ಮಲಗಿ, ಉಳಿದದ್ದನ್ನು ತಾಣವೇ ನೋಡಿಕೊಳ್ಳುತ್ತದೆ. ಎರಡನೆಯವನು ಎಷ್ಟಕ್ಕೆ ನಿಲ್ಲುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಮಾತ್ರ ನಿಮಗೆ ಬೀಳುತ್ತದೆ. ಹೆಚ್ಚುಕಡಿಮೆ ಇಂಥದ್ದೇ ಏಲದ ಬಗ್ಗೆ ವಿಲಿಯಂ ವಿಕ್ರೆ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ಬರೆದಿದ್ದರು. ಗೆದ್ದವನು ಎರಡನೆಯವನ ಬೆಲೆ ಕೊಟ್ಟರೆ ಸಾಕು ಎಂದಾದರೆ ಯಾರಿಗೂ ಸುಳ್ಳು ಹೇಳಿ ಲಾಭವಿಲ್ಲ ಎಂಬುದು ಅವರ ಲೆಕ್ಕ. 1996ರಲ್ಲಿ ಅವರಿಗೆ ನೊಬೆಲ್ ಬಂತು. ಪ್ರಕಟವಾಗಿ ಮೂರು ದಿನಕ್ಕೆ ತೀರಿಹೋದರು, ಪಾಪ. ಲೆಕ್ಕ ಸರಿಯೇ ಇರಬೇಕು. ಆದರೆ ‘ಕೈಲಾದ ಗರಿಷ್ಠ’ ಎನ್ನುವುದು ಮೇಷ್ಟ್ರಿಗೆ ತಿಂಗಳ ಐದನೇ ತಾರೀಕಿಗೆ ಒಂದಿರುತ್ತದೆ, ಇಪ್ಪತ್ತೈದಕ್ಕೆ ಇನ್ನೊಂದು.

ಆ ನಕ್ಷೆಗೆ ಮಾತ್ರ ನಾನು ಇಪ್ಪತ್ತೈದನೇ ತಾರೀಕಿನಲ್ಲೂ ಐದನೇ ತಾರೀಕಿನ ಮೊತ್ತವನ್ನೇ ಹಾಕಿದ್ದೆ. ಅದು ದಕ್ಷಿಣ ಕನ್ನಡ ಜಿಲ್ಲೆಯ ಗೋಡೆ ನಕ್ಷೆ. ಬಟ್ಟೆಗೆ ಅಂಟಿಸಿದ್ದು, ಮೇಲೆ ಕೆಳಗೆ ಮರದ ಕೋಲು. 1956ಕ್ಕಿಂತ ಹಿಂದಿನದು, ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದ್ದು. ಮೇಲೆ ಕುಂದಾಪುರ, ಕೆಳಗೆ ಕಾಸರಗೋಡು ತಾಲೂಕು. ಅಲ್ಲಿಯೂ ನಾವು ತುದಿಯಲ್ಲಿಯೇ ಇದ್ದೇವೆ, ಅದು ನಮ್ಮ ಹಣೆಬರಹ. ಆದರೆ ಕತ್ತರಿಸಿರಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕುಂಬಳೆ ಕನ್ನಡದಲ್ಲಿತ್ತು. ಮಂಜೇಶ್ವರ ಕನ್ನಡದಲ್ಲಿತ್ತು. ಚಂದ್ರಗಿರಿ ಹೊಳೆ ನೀಲಿ ಗೆರೆಯಾಗಿ ಸಮುದ್ರದವರೆಗೆ ಹೋಗಿತ್ತು, ಪೆಟ್ಟಿಗೆಯ ಒಳಗೆ ಮಾಯವಾಗಿರಲಿಲ್ಲ. ಆ ಹುಡುಗನ ಬೆರಳಿಡಲು ಒಂದು ಜಾಗ.

ಸೋತ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಿನ ನಡುವೆ ಬೇರೊಂದು ಯೋಚನೆ ಬಂತು. ಇಂಥದ್ದೆಲ್ಲ ಬೇಕಾದವರು ನನ್ನನ್ನು ಬಿಟ್ಟರೆ ಮತ್ತೆ ಯಾರು? ಕನ್ನಡ ಕಾಗುಣಿತದ ಅಚ್ಚನ್ನು, ಕಲ್ಲಿನ ಸ್ಲೇಟನ್ನು, ಕನ್ನಡದ ಗ್ಲೋಬನ್ನು ಒಟ್ಟಿಗೆ ಹುಡುಕುವವನು ವ್ಯಾಪಾರಿ ಆಗಿರಲಿಕ್ಕಿಲ್ಲ. ನಮ್ಮ ಹಾಗೆಯೇ ಗಡಿಯಾಚೆ ಉಳಿದ ಅಕ್ಕಲಕೋಟೆಯಲ್ಲೋ ಜತ್ತದಲ್ಲೋ ತಾಳವಾಡಿಯಲ್ಲೋ ಮಡಕಶಿರಾದಲ್ಲೋ ಇರುವ ಇನ್ನೊಬ್ಬ ಮೇಷ್ಟ್ರೇ ಇರಬಹುದು. ಅವರ ಪೇಟೆಯಲ್ಲಿ ಮರಾಠಿ ಚಾರ್ಟ್, ಇಲ್ಲವೇ ತಮಿಳು, ಇಲ್ಲವೇ ತೆಲುಗು. ಅವರ ಊರೂ ಯಾವುದೋ ನಕ್ಷೆಯ ಗುರುತುಪಟ್ಟಿಯ ಕೆಳಗೆ. ಇಬ್ಬರು ಬಡಪಾಯಿಗಳು ಒಂದೇ ಹಳೇ ಸ್ಲೇಟಿಗೆ ಕಿತ್ತಾಡಿ ಬೆಲೆ ಏರಿಸುತ್ತಿದ್ದೇವೆ. ಪಾಪ ಅನ್ನಿಸಿತು. ಆದರೆ ಜತ್ತಕ್ಕೆ ದಕ್ಷಿಣ ಕನ್ನಡದ ನಕ್ಷೆ ಯಾಕೆ ಬೇಕು ಎಂದು ನೆನಪಾಗಿ ಮತ್ತೆ ಸಿಟ್ಟು ಬಂತು.

ಇವತ್ತು ಬೆಳಿಗ್ಗೆ ಮಾರುವವರಿಂದ ಒಂದು ಮೆಸೇಜ್. ‘ಗೆದ್ದವರು ದುಡ್ಡು ಕಟ್ಟಿಲ್ಲ. ಎರಡನೆಯವರಾದ ನಿಮಗೆ ಅವಕಾಶ ಕೊಡುತ್ತಿದ್ದೇವೆ. ನೀವು ಕೂಗಿದ ಕೊನೆಯ ಬೆಲೆಗೆ ಕೊಡುತ್ತೇವೆ. ನಾಳೆ ಸಂಜೆಯೊಳಗೆ ತಿಳಿಸಿ.’

ದುಡ್ಡೇ ಕಟ್ಟಲಿಲ್ಲ! ಅಷ್ಟೆಲ್ಲ ಮಾಡಿ! ನನ್ನ ಕೊನೆಯ ಬೆಲೆ ಅಷ್ಟು ಮೇಲೆ ಹೋದದ್ದು ಅವನಿಂದಲೇ. ಕೊನೆಯ ಮೂರು ಸೆಕೆಂಡಿಗೆ ಅವನು ಬಾರದೆ ಇದ್ದರೆ ನಾನು ಆಗ ನಿಂತಿದ್ದ ಕಡಿಮೆ ಬೆಲೆಗೇ ನಕ್ಷೆ ನನ್ನದು. ಅವನ ಏಟಿಗೆ ನನ್ನ ಗರಿಷ್ಠ ಮೊತ್ತ ಪೂರ್ತಿ ಹೊರಗೆ ಬಂತು, ಮಾರುವವರಿಗೆ ಅದು ಗೊತ್ತಾಯಿತು. ಈಗ ಅವನು ಇಲ್ಲ, ಬೆಲೆ ಮಾತ್ರ ಉಂಟು.

ಸ್ಟಾಫ್‌ರೂಮಿನಲ್ಲಿ ವಿಷಯ ಹೇಳಿದೆ. ‘ಸಂಬಳ ಆಗಿರಲಿಕ್ಕಿಲ್ಲ’ ಎಂದರು ಹಿಂದಿ ಟೀಚರ್. ಅಪಾಯಿಂಟ್‌ಮೆಂಟ್ ಪಾಸಾಗದೆ ಸಂಬಳವಿಲ್ಲದೆ ದುಡಿದ ದಿನಗಳನ್ನು ಅವರು ಇನ್ನೂ ಮರೆತಿಲ್ಲ. ಅರಬಿ ಮಾಷ್ ಮಾತಾಡದೆ ಐನೂರರ ಒಂದು ನೋಟು ನನ್ನ ಪುಸ್ತಕದ ಕೆಳಗೆ ತಳ್ಳಿದರು. ಆ ದಿನ ಕೈ ಕುಲುಕಿದ್ದರ ದಂಡ ಎಂದು ಕಾಣುತ್ತದೆ. ಹೆಡ್‌ಮಾಷ್ಟ್ರು ಮಾತ್ರ ಮೆಸೇಜನ್ನು ಕನ್ನಡಕ ಏರಿಸಿ ನೋಡಿ, ‘ಇದು ನಮ್ಮ ಗೇರುಬೀಜದ ಕಥೆಯೇ ತಲೆಕೆಳಗಾಗಿ’ ಎಂದರು. ‘ಅವ ಮಾರುವವನ ಭಾವ. ಏರಿಸಲಿಕ್ಕೆ ಕೂರಿಸಿದ್ದು.’

ಹಾಗಾದರೆ ಬೇಡ ಎಂದು ಬರೆಯಲೇ ಎಂದು ಕೇಳಿದೆ.

‘ಬೇಡ ಎಂದು ಯಾರು ಹೇಳಿದ್ದು? ತೆಗೆದುಕೊಳ್ಳಿ. ರಕ್ಷಕ-ಶಿಕ್ಷಕ ಸಂಘದಿಂದ ಅರ್ಧ ನಾನು ಕೊಡಿಸುತ್ತೇನೆ. ಆದರೆ ಬಿಲ್ಲಿನಲ್ಲಿ ಎಂತ ಬರೆಸುತ್ತೀರಿ?’

‘ದಕ್ಷಿಣ ಕನ್ನಡ ಜಿಲ್ಲೆಯ ನಕ್ಷೆ, ಒಂದು.’

ಹೆಡ್‌ಮಾಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಆಡಿಟಿನವರು ತಿರುವನಂತಪುರದಿಂದ ಬರುವವರು ಮಾಷ್ಟ್ರೇ. ನಮ್ಮ ರಾಜ್ಯದಲ್ಲಿ ಇರುವುದು ಹದಿನಾಲ್ಕು ಜಿಲ್ಲೆ. ಈ ಹದಿನೈದನೆಯದನ್ನು ಯಾವಾಗ ಮಾಡಿದಿರಿ ಎಂದು ಕೇಳಿದರೆ ನಾನು ಎಂತ ಹೇಳಲಿ?’